ನಿಧಾನಕ್ಕೆ ಮುಚ್ಚುವ ಬಾಗಿಲು

ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ಆರು ಮಹಡಿಯ ಆ ಕಟ್ಟಡದ ನೆಲ ಅಂತಸ್ತಿನಲ್ಲಿ ಲಿಫ್ಟ್‌ನ ಬಾಗಿಲು ತೆರೆದುಕೊಂಡಿತ್ತು, ಮುಚ್ಚುತ್ತಿರಲಿಲ್ಲ. ಒಳಗೆ ನಿಂತಿದ್ದ ಎರಡನೇ ಮಹಡಿಯ ವಕೀಲರು ಒಂದು ಕೈಯಲ್ಲಿ ಮುಚ್ಚುವ ಗುಂಡಿಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಲಿಫ್ಟ್ ಮೆಕ್ಯಾನಿಕ್‌ಗೆ ಫೋನ್ ಮಾಡಿದರು.

"ಏನಪ್ಪಾ, ನಿನ್ನ ಲಿಫ್ಟು ಇನ್ನೂ ಎದ್ದಿಲ್ವಲ್ಲ?"

ಮೆಕ್ಯಾನಿಕ್ ಬಾಯಲ್ಲಿದ್ದ ಬ್ರಶ್ಶನ್ನು ಕೆನ್ನೆಯ ಪಕ್ಕಕ್ಕೆ ತಳ್ಳಿಕೊಂಡ. "ಸ್ವಲ್ಪ ತಾಳಿ ಸಾರ್, ಮುಚ್ಚುತ್ತೆ."

"ತಾಳಿ ತಾಳಿ ಅಂತ ತಿಂಗಳಿಂದ ಹೇಳ್ತಾ ಇದೀಯ. ನನ್ನ ಕೋರ್ಟೇ ಇದಕ್ಕಿಂತ ವಾಸಿ, ಅಲ್ಲಿ ಮುಂದಿನ ತಾರೀಖಾದ್ರೂ ಕೊಡ್ತಾರೆ."

ವಕೀಲರು ಅಷ್ಟು ಹೊತ್ತಿಗೆ ಉದ್ಯಾನದಲ್ಲಿ ಬಿರುಸಾಗಿ ಒಂದು ಗಂಟೆ ನಡೆದು ಬಂದಿರುತ್ತಿದ್ದರು. ಅದಕ್ಕೆಂದೇ ಬೆಳ್ಳನೆಯ ಬೂಟು, ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಪಟ್ಟಿ. ನಡೆದು ಬಂದ ಮೇಲೆ ಎರಡು ಮಹಡಿ ಏರಲು ಅವರಿಗೆ ಲಿಫ್ಟೇ ಬೇಕು. ಇದನ್ನು ಅವರ ಮುಖಕ್ಕೆ ಹೇಳಬೇಕೆಂದು ಮೆಕ್ಯಾನಿಕ್‌ಗೆ ನಾಲಗೆ ತುದಿಯವರೆಗೂ ಬರುತ್ತಿತ್ತು. ಗ್ರಾಹಕರಾದ್ದರಿಂದ ನೊರೆಯ ಜೊತೆಗೆ ಅದನ್ನೂ ಬಚ್ಚಲಿಗೆ ಉಗುಳಿದ.

ನಿಜ ಹೇಳಬೇಕೆಂದರೆ ಆ ಲಿಫ್ಟ್‌ಗೆ ಯಾವ ಕಾಯಿಲೆಯೂ ಇರಲಿಲ್ಲ. ಬಾಗಿಲು ಮುಚ್ಚುವ ಮುನ್ನ ಅಷ್ಟು ಹೊತ್ತು ಕಾಯುವಂತೆ ಕಂಟ್ರೋಲ್ ಪೆಟ್ಟಿಗೆಯಲ್ಲಿ ಸಮಯ ಬದಲಿಸಿದ್ದವನು ಅವನೇ. ವಕೀಲರು ಹೆಬ್ಬೆರಳು ನೋಯುವಂತೆ ಒತ್ತುತ್ತಿದ್ದ ಗುಂಡಿಯ ತಂತಿಯನ್ನು ಬಿಚ್ಚಿಟ್ಟವನೂ ಅವನೇ. ಮಾಡಿಸಿದವರು ಮೂರನೇ ಮಹಡಿಯಲ್ಲಿರುವ, ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು. ಅವರು ಅವನ ಅತ್ತೆ, ಹೆಂಡತಿಯ ತಾಯಿ.

ಅತ್ತೆ ಭೂಮಿಯ ಕಷ್ಟವನ್ನು ಮೈಮೇಲೆ ಎಳೆದುಕೊಂಡಿದ್ದ ಹೆಂಗಸು. ಹಾಲಿನ ಪ್ಲಾಸ್ಟಿಕ್ ಚೀಲಗಳನ್ನು ತೊಳೆದು, ಬಟ್ಟೆ ಒಣಹಾಕುವಂತೆ ಅಡುಗೆಮನೆಯಲ್ಲಿ ಹಗ್ಗ ಕಟ್ಟಿ ಕ್ಲಿಪ್ ಹಾಕಿ ಒಣಗಿಸುತ್ತಿದ್ದರು. ಮಗಳು, ಅಳಿಯ ಊಟಕ್ಕೆ ಬಂದರೆ ಕೂತವರ ಸಂಖ್ಯೆ ನೋಡಿ ಫ್ಯಾನಿನ ವೇಗ ಇಡುತ್ತಿದ್ದರು. ಮೂರು ಮಹಡಿಯನ್ನು ದಿನಾ ಕಾಲ್ನಡಿಗೆಯಲ್ಲೇ ಹತ್ತಿ ಇಳಿಯುತ್ತಿದ್ದರು. ತಾವು ಮಾಡಿದ್ದನ್ನು ಬೇರೆಯವರೂ ಮಾಡಬೇಕೆನ್ನುವುದು ಅವರ ಆಸೆ, ಮಾಡುತ್ತಿಲ್ಲವಲ್ಲ ಅನ್ನುವುದು ಅವರ ಸಂಕಟ. ಮೊದಲು 'ಮೆಟ್ಟಿಲು ಹತ್ತಿ, ಭೂಮಿ ಉಳಿಸಿ' ಅಂತ ಲಿಫ್ಟ್ ಪಕ್ಕದಲ್ಲಿ ಚೀಟಿ ಅಂಟಿಸಿದರು. ಅದರಲ್ಲಿದ್ದ ಭೂಮಿಯ ಚಿತ್ರಕ್ಕೆ ಯಾರೋ ಮೀಸೆ ಬರೆದರು. ಆಮೇಲೆ ಮೊಬೈಲ್ ಗುಂಪಿನಲ್ಲಿ ದಿನಕ್ಕೊಂದು ಸಂದೇಶ ಹಾಕಿದರು. ಎಲ್ಲರೂ ಹೆಬ್ಬೆರಳಿನ ಚಿತ್ರ ಒತ್ತಿ, ಅದೇ ಹೆಬ್ಬೆರಳಿನಿಂದ ಲಿಫ್ಟ್ ಕರೆದರು.

ಕೊನೆಗೆ ಒಂದು ದಿನ ಅತ್ತೆ ಎಲ್ಲಿಯೋ ಓದಿಕೊಂಡು ಬಂದು ಅಳಿಯನನ್ನು ಕರೆಸಿದರು. "ಲಿಫ್ಟ್ ಬಾಗಿಲು ನಿಧಾನ ಆದ್ರೆ ಜನ ಬೇಸತ್ತು ತಾವೇ ಮೆಟ್ಟಿಲು ಹತ್ತುತ್ತಾರಂತೆ. ಹೇಳೋದೂ ಬೇಡ, ಕೇಳೋದೂ ಬೇಡ. ನೀವು ಒಂದಿಷ್ಟು ನಿಧಾನ ಮಾಡಿ. ಆದ್ರೆ ಯಾರ ಹತ್ರಾನೂ ಬಾಯಿ ಬಿಡಬಾರದು, ಮಾತು ಕೊಡಿ."

ಅತ್ತೆಗೆ ಇಲ್ಲ ಅನ್ನಲು ಅವನಿಗೆ ಮದುವೆಯಾದಾಗಿನಿಂದ ಬಂದಿರಲಿಲ್ಲ. ಮಾತು ಕೊಟ್ಟ.

ಅಂದಿನಿಂದ ಅವನ ಫೋನಿಗೆ ಬಿಡುವಿಲ್ಲ. ಜನ ಬೇಸತ್ತರು, ಅದು ಸರಿ. ಆದರೆ ಮೆಟ್ಟಿಲು ಹತ್ತುವ ಬದಲು ಮೆಕ್ಯಾನಿಕ್‌ಗೆ ಬಯ್ದರು. ಬೈಯಲು ಪುರುಸೊತ್ತು ಬೇಕಲ್ಲ, ಅದನ್ನು ಆ ಬಾಗಿಲೇ ಕೊಡುತ್ತಿತ್ತು. ಇನ್ನು ಕೆಲವರು ಕಾಯುವುದಕ್ಕೇ ಒಗ್ಗಿಹೋದರು. ಐದನೇ ಮಹಡಿಯ ಟೈಲರಮ್ಮ, ನೆಲ ಅಂತಸ್ತಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವರು, ಲಿಫ್ಟ್ ಎದುರಿಗೆ ಎರಡು ಕುರ್ಚಿ ತಂದಿಟ್ಟರು. ಅಲ್ಲಿ ಕೂತು ಮಾತಾಡುತ್ತಾ, ಬಾಗಿಲು ತೆರೆದಾಗಲೂ ಮಾತು ಮುಗಿಯದೆ, ಲಿಫ್ಟನ್ನು ಖಾಲಿ ಕಳಿಸಿ ಮತ್ತೆ ಕರೆಯುವುದು ಶುರುವಾಯಿತು.

ಮೆಕ್ಯಾನಿಕ್ ಕಂಟ್ರೋಲ್ ಪೆಟ್ಟಿಗೆಯಲ್ಲಿ ಓಡಾಟದ ಲೆಕ್ಕ ನೋಡಿದ. ಕಡಿಮೆಯಾಗುವುದಿರಲಿ, ತುಸು ಹೆಚ್ಚೇ ಆಗಿತ್ತು. ಬಾಗಿಲು ತೆರೆದು ನಿಂತಷ್ಟು ಹೊತ್ತೂ ಒಳಗಿನ ದೀಪ, ಫ್ಯಾನು ಸುಮ್ಮನೆ ಉರಿದು ತಿರುಗುತ್ತಿದ್ದವು, ಅದು ಬೇರೆ. ಓಡಿಬಂದು ಅತ್ತೆಗೆ ಹೇಳಿದ.

ಅತ್ತೆ ಕನ್ನಡಕ ಒರೆಸಿಕೊಂಡು ಯೋಚಿಸಿದರು. "ಹಾಗಾದ್ರೆ ಇನ್ನೂ ಸ್ವಲ್ಪ ನಿಧಾನ ಮಾಡಿ."

ಅವನು ಗೋಡೆಗೆ ತಲೆ ಚಚ್ಚಿಕೊಳ್ಳಲಿಲ್ಲ ಅಷ್ಟೇ.

ಇಡೀ ಕಟ್ಟಡದಲ್ಲಿ ಅವನನ್ನು ಹೊಗಳಿದವರು ಒಬ್ಬರೇ, ಆರನೇ ಮಹಡಿಯ ಬ್ಯಾಂಡ್‌ಮಾಸ್ಟರ್. ವಯಸ್ಸಾಗಿ, ಸೊಂಟ ಮುರಿದು ಕೂಡಿದ ಮೇಲೆ ಕೋಲು ಹಿಡಿದು ನಡೆಯುತ್ತಿದ್ದರು. "ಮೊದಲು ಈ ಬಾಗಿಲು ನನ್ನ ಕೋಲನ್ನ ಕಚ್ಚುತ್ತಿತ್ತು ಮಗನೇ. ಈಗ ಮರ್ಯಾದೆ ಕಲಿತಿದೆ," ಅಂದಿದ್ದರು. ಅಷ್ಟು ಬೈಗುಳದ ನಡುವೆ ಆ ಒಂದು ಮಾತನ್ನು ಮೆಕ್ಯಾನಿಕ್ ಜೋಪಾನವಾಗಿ ಇಟ್ಟುಕೊಂಡಿದ್ದ.

ವಕೀಲರು ಹೆಬ್ಬೆರಳು ಒತ್ತಿ ಸಾಕಾಗಿ ಭಾನುವಾರ ಸಂಜೆ ಐದಕ್ಕೆ ಸಂಘದ ಸಭೆ ಕರೆಸಿದರು. ವಿಷಯ ಒಂದೇ: ಲಿಫ್ಟ್ ನೋಡಿಕೊಳ್ಳುವ ಕೆಲಸವನ್ನು ಬೇರೆ ಕಂಪನಿಗೆ ಕೊಡುವುದು. ಅದನ್ನು ಮೊಬೈಲ್ ಗುಂಪಿನಲ್ಲಿ ಹಾಕಿದ ಮರುಕ್ಷಣ ಅಧ್ಯಕ್ಷರ ಉತ್ತರ ಬಂತು: 'ಎಲ್ಲರ ಅಭಿಪ್ರಾಯಕ್ಕೆ ಗೌರವವಿದೆ. ನನ್ನ ಅಳಿಯ ಎಂದು ಯಾರೂ ದಾಕ್ಷಿಣ್ಯ ಮಾಡಬೇಡಿ.'

ಮೆಕ್ಯಾನಿಕ್ ಅದನ್ನು ಹೆಂಡತಿಗೆ ತೋರಿಸಿದ. ಅವಳು ಔಷಧಿ ಅಂಗಡಿಯ ಕೆಲಸ ಮುಗಿಸಿ ಆಗತಾನೇ ಬಂದು ಚಪ್ಪಲಿ ಬಿಡುತ್ತಿದ್ದಳು.

"ಅಮ್ಮ ನಿಮ್ಮನ್ನೇ ಬಲಿ ಕೊಡ್ತಾ ಇದಾಳಲ್ರೀ!"

"ಅದನ್ನೇ ತೋರಿಸ್ತಾ ಇರೋದು."

"ತೋರಿಸೋದಲ್ಲ, ಹೋಗಿ ಕೇಳಿ. ಅಥವಾ ಬಾಗಿಲನ್ನ ಮೊದಲಿನ ಹಾಗೆ ಮಾಡಿ ಕೈ ತೊಳ್ಕೊಳ್ಳಿ."

"ಮಾತು ಕೊಟ್ಟಿದೀನಿ ಕಣೇ."

"ಮಾತು ಕೊಟ್ಟಿದೀರಿ, ಕೆಲಸ ಕಳ್ಕೋತೀರಿ. ಆಮೇಲೆ ಮತ್ತೆ ಆ ಹಳೇ ಕಂಪನಿಗೆ ಹೋಗಿ, ಅದೇ ಮೇಸ್ತ್ರಿ ಹತ್ರ ಬೈಸ್ಕೊಂಡು ಸ್ಪ್ಯಾನರ್ ಹಿಡ್ಕೊಂಡು ನಿಂತ್ಕೊಳ್ಳಿ."

ಅವಳು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಹಲವು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು, ಬೇಸತ್ತು ಹೊರಬಂದು, ಅವನು ಸ್ವಂತವಾಗಿ ಹಿಡಿದ ಮೊದಲ ಕಟ್ಟಡ ಇದು. ಅಕ್ಕಪಕ್ಕದ ಕಟ್ಟಡಗಳು ಇದನ್ನು ನೋಡಿಯೇ ಅವನಿಗೆ ಕೆಲಸ ಕೊಟ್ಟಿದ್ದವು. ಇಲ್ಲಿ ಬಾಗಿಲು ಮುಚ್ಚಲು ಬಾರದವನು ಅಂತ ಹೆಸರು ಬಿದ್ದರೆ ಅಲ್ಲಿಯೂ ಬಾಗಿಲು ಮುಚ್ಚಿಕೊಳ್ಳುತ್ತದೆ.

ಅತ್ತೆಯ ಮನೆಗೆ ಹೋದ. ಅವರು ಒಗ್ಗರಣೆ ಸೌಟು ತೊಳೆದ ನೀರನ್ನು ಬಕೆಟ್ಟಿಗೆ ಬಗ್ಗಿಸುತ್ತಿದ್ದರು.

"ಅತ್ತೆ, ಸಭೇಲಿ ಒಂದು ಮಾತು ಹೇಳಿಬಿಡಿ. ನಾನೇ ಮಾಡಿಸಿದ್ದು ಅಂತ."

"ಈಗ ಹೇಳಿದ್ರೆ ಇಷ್ಟು ದಿನದ ಶ್ರಮ ನೀರಲ್ಲಿ ಹೋಮ. ಇನ್ನೇನು ಜನ ಬದಲಾಗೋ ಹೊತ್ತು."

"ಜನ ಬದಲಾಗ್ತಾ ಇಲ್ಲ ಅತ್ತೆ, ಲಿಫ್ಟ್ ಮೆಕ್ಯಾನಿಕ್ ಬದಲಾಗ್ತಾ ಇದಾನೆ."

"ನೀವು ಯಾಕೆ ಹೆದರ್ತೀರಿ? ಅಧ್ಯಕ್ಷೆ ನಾನಿದೀನಲ್ಲ."

ಅದಕ್ಕೇ ಹೆದರಿಕೆ, ಅಂತ ಹೇಳದೆ ಅವನು ಮೆಟ್ಟಿಲು ಇಳಿದು ಬಂದ. ಅಲ್ಲ, ಲಿಫ್ಟ್‌ನಲ್ಲಿ ಇಳಿದು ಬಂದ. ಲಿಫ್ಟ್ ಮೆಕ್ಯಾನಿಕ್‌ಗಳು ಮೆಟ್ಟಿಲು ಇಳಿಯುವುದು ಅಪರೂಪ.

ಶನಿವಾರ ಮಧ್ಯಾಹ್ನ ಲಿಫ್ಟ್ ನಿಜವಾಗಿಯೂ ಕೆಟ್ಟಿತು. ಐದನೇ ಮಹಡಿಯಲ್ಲಿ ಬಾಗಿಲು ತೆರೆದುಕೊಂಡು ಹಾಗೇ ನಿಂತುಬಿಟ್ಟಿತ್ತು. ಅದನ್ನು ತಲುಪಲು ಮೆಟ್ಟಿಲು ಬಿಟ್ಟು ಬೇರೆ ದಾರಿ ಇರಲಿಲ್ಲ. ಮೆಕ್ಯಾನಿಕ್ ಸಾಮಾನಿನ ಚೀಲ ಹೆಗಲಿಗೇರಿಸಿ, ಈ ಕಟ್ಟಡದ ಮೆಟ್ಟಿಲನ್ನು ಮೊಟ್ಟಮೊದಲ ಸಲ ಪೂರ್ತಿ ಹತ್ತಲು ಹೊರಟ.

ಮೂರನೇ ಮಹಡಿಯವರೆಗೆ ಮೆಟ್ಟಿಲು ಕನ್ನಡಿಯಂತಿತ್ತು. ಗುಡಿಸಿ ಒರೆಸಿದ ನೆಲ, ಕೈಹಿಡಿ ಫಳಫಳ, ಪ್ರತಿ ತಿರುವಿನಲ್ಲೂ ದೀಪ. ಮೂರನೇ ಮಹಡಿಯಿಂದ ಮೇಲೆ ಹೋಗುವ ಮೆಟ್ಟಿಲಿಗೆ ಒಂದು ಸ್ಪ್ರಿಂಗ್ ಬಾಗಿಲಿತ್ತು. ಅದನ್ನು ತಳ್ಳಿದ. ಪೂರ್ತಿ ತೆರೆಯಲಿಲ್ಲ. ಭುಜ ಕೊಟ್ಟು ತಳ್ಳಿದ. ಒಳಗೆ ಏನೋ ಗಾಜು ಕಿಣಿಕಿಣಿ ಅಂದಿತು.

ಕತ್ತಲು. ಮೊಬೈಲ್ ದೀಪ ಹಚ್ಚಿ ನೋಡಿದ. ಮೆಟ್ಟಿಲುಗಳ ಎರಡೂ ಬದಿ ಹಳೆಯ ಪತ್ರಿಕೆಯ ಕಟ್ಟುಗಳು ಸೊಂಟದೆತ್ತರಕ್ಕೆ. ನಡುವೆ ರಟ್ಟಿನ ಪೆಟ್ಟಿಗೆಗಳು. ಪೆಟ್ಟಿಗೆ ತುಂಬ ತೊಳೆದಿಟ್ಟ ಗಾಜಿನ ಜಾಡಿಗಳು, ಮುಚ್ಚಳ ಬೇರೆ, ಜಾಡಿ ಬೇರೆ. ಕೈಹಿಡಿಯ ಉದ್ದಕ್ಕೂ ಹಳೆಯ ಬಟ್ಟೆಯ ಗಂಟುಗಳು. ತಳ ಬಿರಿದ ಬಕೆಟ್ಟುಗಳು ಒಂದರೊಳಗೊಂದು. ಹಿಡಿ ಮುರಿದ ಛತ್ರಿಗಳ ಒಂದು ಕಟ್ಟು. ಮೆಕ್ಯಾನಿಕ್ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ಹತ್ತಿದ. ಅವನ ಚೀಲ ತಾಗಿ ಒಂದು ಜಾಡಿ ಉರುಳಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೋಗಿ ಕೆಳಗೆ ಎಲ್ಲೋ ಒಡೆಯಿತು.

ಸ್ಪ್ರಿಂಗ್ ಬಾಗಿಲ ಹತ್ತಿರ ಅತ್ತೆಯ ತಲೆ ಕಾಣಿಸಿತು. "ಯಾರದು? ಅಯ್ಯೋ, ಜಾಡಿ ಒಡೀತಾ? ಒಳ್ಳೇ ಜಾಡಿ!"

"ಅತ್ತೆ, ಇದೆಲ್ಲ ಏನು?"

"ಯಾರಿಗಾದ್ರೂ ಉಪಯೋಗ ಆಗುತ್ತೆ ಅಂತ ಎತ್ತಿಟ್ಟಿದೀನಿ. ಜನ ಬಿಸಾಡ್ತಾರೆ, ನಾನು ತಂದು ತೊಳೆದಿಡ್ತೀನಿ. ಮನೇಲಿ ಜಾಗ ಇಲ್ಲ. ಇಲ್ಲಿ ಹೇಗಿದ್ರೂ ಯಾರೂ ಓಡಾಡಲ್ವಲ್ಲ."

"ಬಲ್ಬ್ ಎಲ್ಲಿ?"

"ನಾನೇ ತೆಗೆದೆ. ಯಾರೂ ಹತ್ತದ ಮೆಟ್ಟಿಲಿಗೆ ಕರೆಂಟ್ ಯಾಕೆ ಸುಡಬೇಕು?"

ಮೆಕ್ಯಾನಿಕ್ ಒಂದು ಪತ್ರಿಕೆಯ ಕಟ್ಟಿನ ಮೇಲೆ ಕೂತುಬಿಟ್ಟ. ಹತ್ತಲಿ ಅಂತ ಲಿಫ್ಟ್ ನಿಧಾನ ಮಾಡಿಸಿದ್ದು ಈಕೆ. ಹತ್ತದ ಹಾಗೆ ಮೆಟ್ಟಿಲು ತುಂಬಿಸಿದ್ದೂ ಈಕೆಯೇ. ನಡುವೆ ಬೈಸಿಕೊಂಡಿದ್ದು ತಾನು. ಅವನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಅತ್ತೆ, ನಾಲ್ಕು, ಐದು, ಆರನೇ ಮಹಡಿಯವರು ಯಾವ ಕಡೆಯಿಂದ ಹತ್ತಬೇಕು?"

ಅತ್ತೆ ಕತ್ತೆತ್ತಿ ಮೇಲಿನ ಮೆಟ್ಟಿಲುಗಳ ಕಡೆ ನೋಡಿದರು. ಆ ಪ್ರಶ್ನೆ ಅವರಿಗೆ ಹೊಸದು ಅನ್ನುವುದು ಮುಖದಲ್ಲಿ ಕಂಡಿತು. ಅವರು ಹತ್ತುತ್ತಿದ್ದದ್ದು ಮೂರನೇ ಮಹಡಿಯವರೆಗೆ. ಅವರ ಲೆಕ್ಕದಲ್ಲಿ ಮೆಟ್ಟಿಲು ಅಲ್ಲಿಗೆ ಮುಗಿಯುತ್ತಿತ್ತು.

"ನಾಳೆ ಸಭೆ ಆಗಲಿ, ಆಮೇಲೆ ನೋಡೋಣ," ಅಂದು ಒಳಗೆ ಹೋದರು.

ಐದನೇ ಮಹಡಿಯಲ್ಲಿ ಲಿಫ್ಟ್‌ನ ಬಾಗಿಲು ಜಾರುವ ಹಳಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದದ್ದು ಒಂದು ಕೋಟಿನ ಗುಂಡಿ. ಟೈಲರಮ್ಮನ ಚೀಲದಿಂದ ಬಿದ್ದಿರಬೇಕು. ಇಕ್ಕಳದಲ್ಲಿ ತೆಗೆದ. ಲಿಫ್ಟ್ ಮತ್ತೆ ಓಡಿತು. ಅದು ಓಡುವುದನ್ನು ನೋಡುತ್ತಾ ನಿಂತಾಗ ಮೆಕ್ಯಾನಿಕ್‌ಗೆ ಒಂದು ಯೋಚನೆ ಬಂತು. ಬಾಯಿ ಬಿಡಬಾರದು ಅಂತ ಅವನು ಮಾತು ಕೊಟ್ಟಿದ್ದ. ಲಿಫ್ಟ್ ನಿಲ್ಲಿಸಬಾರದು ಅಂತ ಕೊಟ್ಟಿರಲಿಲ್ಲ.

ಸಂಘದ ಸಭೆಗಳು ಯಾವಾಗಲೂ ಬ್ಯಾಂಡ್‌ಮಾಸ್ಟರ್ ಮನೆಯಲ್ಲಿ. ವಾದ್ಯದವರು ಅಭ್ಯಾಸ ಮಾಡುತ್ತಿದ್ದ ಅವರ ಹಜಾರಕ್ಕಿಂತ ದೊಡ್ಡ ಕೋಣೆ ಆ ಕಟ್ಟಡದಲ್ಲಿ ಇರಲಿಲ್ಲ. ಭಾನುವಾರ ಸಂಜೆ ಮೆಕ್ಯಾನಿಕ್ ಮೊದಲು ಅವರಿಗೆ ಫೋನ್ ಮಾಡಿ, ಮನೆಯಲ್ಲೇ ಇದ್ದಾರೆ, ಹೊರಗೆ ಹೋಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡ. ಆಮೇಲೆ ಮುಖ್ಯ ಸ್ವಿಚ್ ಇಳಿಸಿ, 'ಕೆಲಸ ನಡೆಯುತ್ತಿದೆ' ಅನ್ನುವ ಫಲಕವನ್ನು ಲಿಫ್ಟ್‌ಗೆ ನೇತುಹಾಕಿ, ಬಾಗಿಲ ಹಳಿಗಳನ್ನು ಬ್ರಶ್ಶಿನಿಂದ ಉಜ್ಜಲು ಕೂತ. ಆ ಕೆಲಸ ನಿಜಕ್ಕೂ ಬಾಕಿಯಿತ್ತು.

"ನೋಡಿ, ನೋಡಿ!" ವಕೀಲರು ಕೈಯಲ್ಲಿ ಹೊಸ ಕಂಪನಿಯ ಪತ್ರ ಹಿಡಿದು ಬಂದವರು ಫಲಕ ಕಂಡು ಗೆದ್ದವರಂತೆ ಕೂಗಿದರು. "ಇವತ್ತೂ ಕೆಟ್ಟಿದೆ! ಇನ್ನೇನು ಸಾಕ್ಷಿ ಬೇಕು?"

"ಕೆಟ್ಟಿಲ್ಲ ಸಾರ್. ಬಾಗಿಲ ಹಳಿ ತೊಳೀತಾ ಇದೀನಿ. ಇವತ್ತೊಂದು ದಿನ ಮೆಟ್ಟಿಲಲ್ಲಿ ಹೋಗಿ."

"ಆರು ಮಹಡಿ?"

"ನಿಮ್ಮ ಕೈಪಟ್ಟಿಗೆ ಖುಷಿಯಾಗುತ್ತೆ ವಕೀಲರೇ," ಅಂದರು ಟೈಲರಮ್ಮ ಅಂಗಡಿಗೆ ಬೀಗ ಹಾಕುತ್ತಾ. ಅಲ್ಲಿ ಸೇರಿದ್ದವರೆಲ್ಲ ನಕ್ಕರು. ವಕೀಲರಿಗೆ ಹತ್ತದೆ ವಿಧಿಯಿರಲಿಲ್ಲ. ಮೆಕ್ಯಾನಿಕ್ ಬ್ರಶ್ ಹಿಡಿದೇ ಹಿಂದೆ ಹಿಂದೆ ಹೋದ.

ಮೂರನೇ ಮಹಡಿಯಲ್ಲಿ ಅತ್ತೆ ಸೀರೆಯ ನೆರಿಗೆ ಸರಿ ಮಾಡಿಕೊಂಡು, ಸತ್ತ ಲಿಫ್ಟ್‌ನ ಮುಂದೆ ನಿಂತಿದ್ದರು. ಕೆಳಗಿನಿಂದ ಬಂದ ಗುಂಪನ್ನು ನೋಡಿ ಬೆಚ್ಚಿದರು.

"ಬನ್ನಿ ಅಧ್ಯಕ್ಷರೇ," ಅಂದರು ಟೈಲರಮ್ಮ. "ಮೆಟ್ಟಿಲು ಹತ್ತಿ, ಭೂಮಿ ಉಳಿಸಿ."

"ನೀವು ಹೋಗ್ತಾ ಇರಿ... ಅಲ್ಲ, ಹೋಗಬೇಡಿ. ಸಭೆ ಇಲ್ಲೇ ನಮ್ಮನೇಲಿ ಮಾಡೋಣ."

"ಇಷ್ಟು ದೂರ ಹತ್ತಿಸಿ ಈಗ ಇಲ್ಲೇ ಅಂದ್ರೆ?" ವಕೀಲರು ಏದುಸಿರು ಬಿಡುತ್ತಾ ಸ್ಪ್ರಿಂಗ್ ಬಾಗಿಲನ್ನು ಜೋರಾಗಿ ತಳ್ಳಿ ಒಳಗೆ ಕಾಲಿಟ್ಟರು. ಮರುಕ್ಷಣ ಗಾಜಿನ ಸದ್ದು, ವಕೀಲರ "ಅಮ್ಮಾ", ಆಮೇಲೆ ಛತ್ರಿಗಳೆಲ್ಲ ಒಟ್ಟಿಗೆ ಬಿದ್ದ ಸದ್ದು. ಬಾಗಿಲು ಸ್ಪ್ರಿಂಗಿನ ರಭಸಕ್ಕೆ ತಿರುಗಿ ಬಂದು ಅವರ ಬೆನ್ನಿಗೆ ಬಡಿಯಿತು.

ಎಲ್ಲರ ಮೊಬೈಲ್ ದೀಪಗಳೂ ಹೊತ್ತಿಕೊಂಡವು.

"ಇದೇನು, ಗುಜರಿ ಅಂಗಡಿನಾ?" ವಕೀಲರು ಮೊಣಕಾಲು ಉಜ್ಜಿಕೊಂಡರು. "ಯಾರದಿದು?"

"ಯಾರದು ಅಂತ ಕೇಳಬೇಕಾ?" ಟೈಲರಮ್ಮ ಒಂದು ಜಾಡಿ ಎತ್ತಿ ಬೆಳಕಿಗೆ ಹಿಡಿದರು. "ಇದು ನಾನೇ ಎಸೆದಿದ್ದು. ತೊಳೆದಿರೋ ಚಂದ ನೋಡಿ." ಅತ್ತೆಯ ಕಡೆ ತಿರುಗಿದರು. "ಅಕ್ಕಾ, ನಿಮ್ಮ ಚೀಟಿ ನೋಡಿ ನಾನು ಎರಡು ಸಲ ಹತ್ತೋಕೆ ಬಂದೆ ಕಣ್ರೀ. ಇಲ್ಲಿ ಕತ್ತಲು ನೋಡಿ ಹೆದರಿ ವಾಪಸ್ ಹೋದೆ. ಹೇಳೋಕೆ ಸಂಕೋಚ ಆಯ್ತು."

ಸದ್ದು ಕೇಳಿ ಮೇಲಿನ ಮಹಡಿಗಳವರೂ ಇಳಿದು ಬಂದು ಆ ಕಡೆಯ ಮೆಟ್ಟಿಲಲ್ಲಿ ನಿಂತರು. ನಡುವೆ ಪತ್ರಿಕೆಯ ಕಟ್ಟುಗಳ ಗಡಿ. ಆಚೆಯಿಂದಲೂ ಈಚೆಯಿಂದಲೂ ಎಲ್ಲರೂ ಒಟ್ಟಿಗೆ ಮಾತಾಡಿದರು. ಅಧ್ಯಕ್ಷರೇ ಹೀಗೆ ಮಾಡಿದರೆ ಹೇಗೆ, ಬೆಂಕಿಗಿಂಕಿ ಬಿದ್ದರೆ ಎಲ್ಲಿಂದ ಇಳಿಯೋದು, ನಮಗೆ ಉಪದೇಶ ಮಾಡೋರು ಮೊದಲು ತಮ್ಮ ಜಾಗ ನೋಡಿಕೊಳ್ಳಬೇಡವೇ.

ಅತ್ತೆ ತಲೆ ತಗ್ಗಿಸಿ ಕೇಳುತ್ತಿದ್ದರು. 'ಉಪದೇಶ' ಅನ್ನುವ ಮಾತು ಬಂದಾಗ ತಲೆ ಎತ್ತಿದರು.

"ಮೇಲಿನವರು ಬೈರಿ, ಬೈಸ್ಕೋತೀನಿ. ತಪ್ಪಾಯ್ತು. ವಕೀಲರೇ, ನಿಮ್ಮದು ಎರಡನೇ ಮಹಡಿ! ಅಲ್ಲಿ ಜಾಡಿ ಇದೆಯಾ? ಕತ್ತಲಿದೆಯಾ? ನಾನು ದಿನಾ ಕೈಯಾರೆ ಗುಡಿಸ್ತೀನಿ ಆ ಮೆಟ್ಟಿಲನ್ನ. ಲಿಫ್ಟ್ ಬಾಗಿಲನ್ನ ಅಷ್ಟು ನಿಧಾನ ಮಾಡಿಸಿದೆ, ಆಮೇಲೆ ಇನ್ನೂ ನಿಧಾನ ಮಾಡಿಸಿದೆ, ಆದ್ರೂ ನೀವು ಗುಂಡಿ ಒತ್ತಿಕೊಂಡು ನಿಂತಿರೇ ಹೊರತು..."

ಅಲ್ಲಿಗೆ ನಿಲ್ಲಿಸಿದರು. ನಿಲ್ಲಿಸಿದ್ದು ತಡವಾಗಿತ್ತು.

"ಮಾಡಿಸಿದ್ರಾ?" ಅಂದರು ವಕೀಲರು, ಒಂದೊಂದೇ ಅಕ್ಷರವನ್ನು ಬಿಡಿಸಿ.

ಅತ್ತೆ ಅಳಿಯನನ್ನು ನೋಡಿದರು. ಅಳಿಯ ಎರಡೂ ಕೈ ಎತ್ತಿದ. ಒಂದರಲ್ಲಿ ಬ್ರಶ್ ಇತ್ತು. "ನಾನು ಬಾಯಿ ಬಿಟ್ಟಿಲ್ಲ ಅತ್ತೆ."

ಟೈಲರಮ್ಮ ಮೊದಲು ನಕ್ಕಿದ್ದು. ಆಮೇಲೆ ಗಡಿಯ ಆಚೆಯಿಂದ ಯಾರೋ ನಕ್ಕರು. ವಕೀಲರು ಮಾತ್ರ ನಗಲಿಲ್ಲ. ತಿಂಗಳಿಡೀ ಒತ್ತಿದ ಹೆಬ್ಬೆರಳನ್ನು ನೋಡಿಕೊಂಡರು.

"ಎಲ್ಲಿ ಹಾಳಾಗಿ ಹೋದಿರಯ್ಯಾ ಎಲ್ಲ?" ಆರನೇ ಮಹಡಿಯಿಂದ ಬ್ಯಾಂಡ್‌ಮಾಸ್ಟರ್ ದನಿ ಮೆಟ್ಟಿಲುಗಳ ಉದ್ದಕ್ಕೂ ಮೊಳಗಿತು. "ಕುರ್ಚಿ ಹಾಕಿ ಕೂತಿದೀನಿ, ಒಬ್ಬರೂ ಇಲ್ಲ!"

ಯಾರೋ ಕೂಗಿ ಅವರಿಗೆ ವಿಷಯ ಹೇಳಿದರು. ಆಮೇಲೆ ಕೋಲು ನೆಲಕ್ಕೆ ಕುಟ್ಟಿದ ಸದ್ದು.

"ಯಾರು ಮಾಡಿಸಿದ್ರೋ ನನಗೆ ಬೇಕಾಗಿಲ್ಲ. ಆ ಬಾಗಿಲು ಮತ್ತೆ ನನ್ನ ಕೋಲು ಕಚ್ಚೋ ಹಾಗೆ ಮಾಡಿದ್ರೆ ನೋಡ್ಕೊಳ್ಳಿ!"

ವಕೀಲರು ಹೊಸ ಕಂಪನಿಯ ಪತ್ರವನ್ನು ಇನ್ನೂ ಹಿಡಿದಿದ್ದರು. ಅತ್ತೆ ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ತಿರುಗಿಸಿ ನೋಡಿದರು.

"ಹಿಂದಿನ ಬದಿ ಖಾಲಿ ಇದೆ," ಅಂದರು. "ಬರೆಯೋಕೆ ಬರುತ್ತೆ."

ನಾಲ್ಕಾಗಿ ಮಡಿಸಿ, ಪತ್ರಿಕೆಯ ಕಟ್ಟಿನ ಮೇಲಿಡಲು ಕೈ ಚಾಚಿದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು, ಕೈ ಹಿಂದೆ ತೆಗೆದು ಸೆರಗಿನೊಳಗೆ ಸಿಕ್ಕಿಸಿಕೊಂಡರು. ಕಂಪನಿ ಬದಲಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ವಕೀಲರೂ ಎತ್ತಲಿಲ್ಲ, ಎರಡನೇ ಮಹಡಿಯ ಪ್ರಸ್ತಾಪ ಮತ್ತೆ ಬರುವುದು ಅವರಿಗೆ ಬೇಕಿರಲಿಲ್ಲ.

ಮರುದಿನ ಗುಜರಿಯವನು ಗಾಡಿ ತಂದ. ಪತ್ರಿಕೆಗಳನ್ನೂ ಬಕೆಟ್ಟುಗಳನ್ನೂ ಯಾರೂ ಮೆಟ್ಟಿಲಲ್ಲಿ ಹೊರಲು ಒಪ್ಪಲಿಲ್ಲ. ಎಲ್ಲವೂ ಲಿಫ್ಟ್‌ನಲ್ಲೇ ಕೆಳಗಿಳಿದವು. ಬಾಗಿಲು ಅಷ್ಟು ಹೊತ್ತು ತೆರೆದಿರುವುದು ಸಾಮಾನು ತುಂಬಲು ಬಹಳ ಅನುಕೂಲವಾಯಿತು ಎಂದು ಗುಜರಿಯವನು ಮೆಕ್ಯಾನಿಕ್‌ನನ್ನು ಹೊಗಳಿದ. ಜಾಡಿಗಳಲ್ಲಿ ಅರ್ಧವನ್ನು ಟೈಲರಮ್ಮ ಗುಂಡಿ ಹಾಕಿಡಲು ತೆಗೆದುಕೊಂಡರು. ಉಳಿದರ್ಧವನ್ನು ಅತ್ತೆ ಮಗಳ ಮನೆಗೆ ಕಳಿಸಿದರು. ಹೆಂಡತಿ ಅವನ್ನು ನೋಡಿ ಗಂಡನನ್ನು ನೋಡಿದಳು. ಅವನು ಮಂಚದ ಕೆಳಗೆ ಜಾಗ ಮಾಡಿದ.

ಮೂರನೇ ಮಹಡಿಯಿಂದ ಮೇಲಿನ ಮೆಟ್ಟಿಲಿಗೆ ಬಲ್ಬ್ ಬಂತು. ಲಿಫ್ಟ್‌ನ ಬಾಗಿಲಿನ ಸಮಯವನ್ನು ಬ್ಯಾಂಡ್‌ಮಾಸ್ಟರ್ ಕೋಲೂರಿ ಒಳಗೆ ಬರಲು ಎಷ್ಟು ಬೇಕೋ ಅಷ್ಟಕ್ಕೆ ಇಳಿಸಲಾಯಿತು. ಮುಚ್ಚುವ ಗುಂಡಿಯ ತಂತಿಯನ್ನು ಮಾತ್ರ ಮೆಕ್ಯಾನಿಕ್ ಮರಳಿ ಜೋಡಿಸಲಿಲ್ಲ. ಯಾರೂ ಕೇಳಲೂ ಇಲ್ಲ.

ಬುಧವಾರ ಬೆಳಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಫೋನ್ ಬಂತು. ವಕೀಲರು ಏದುಸಿರು ಬಿಡುತ್ತಿದ್ದರು.

"ಏನಪ್ಪಾ, ಮೂರನೇ ಮಹಡಿ ಮೆಟ್ಟಿಲ ಹತ್ರ ಇದೀನಿ. ಸುಮ್ಮನೆ ಎಷ್ಟು ಮಹಡಿ ಆಗುತ್ತೆ ನೋಡೋಣ ಅಂತ ಬಂದೆ. ಈ ಸ್ಪ್ರಿಂಗ್ ಬಾಗಿಲು ದಿನಾ ಬೆನ್ನಿಗೆ ಬಡಿಯುತ್ತಲ್ಲ! ಇದನ್ನ ಸ್ವಲ್ಪ ನಿಧಾನ ಮಾಡೋಕಾಗುತ್ತಾ?"

"ಅದು ನನ್ನ ಕೆಲಸ ಅಲ್ಲ ಸಾರ್," ಅಂದ ಮೆಕ್ಯಾನಿಕ್. "ಬಡಗಿಗೆ ಹೇಳಬೇಕು."

ಬಡಗಿ ಶುಕ್ರವಾರ ಬಂದ.